'ಉಷ್ಣರೋಧಕ' ಅಂದರೆ ಥರ್ಮಿಸ್ಟರೋ, ಥರ್ಮಾಕೋಲೋ?

ಗೆಳೆಯರೇ,

ಐಟಿಐ ಹುಡುಗರಿಗಾಗಿ ಫ್ರಿಜ್, ಏಸಿ ರಿಪೇರಿ ಕುರಿತು ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಬಿಸಿ, ತಂಪಿಗೆ ತಕ್ಕಂತೆ ವಿದ್ಯುತ್ತನ್ನು ಹೆಚ್ಚು ಕಡಿಮೆ ತಡೆಯುವ ಪುಟ್ಟ ಬಿಡಿಭಾಗ ಥರ್ಮಿಸ್ಟರ್‌ಗೆ 'ಉಷ್ಣರೋಧಕ' ಎಂದು ಹಾಕಿದ್ದೆ. ಥರ್ಮಲ್, ರೆಸಿಸ್ಟರ್ ಬೆಸೆದು ಆದ ಪದ ಅದು. ರೆಸಿಸ್ಟರ್‌ಗೆ 'ರೋಧಕ' ಎಂದು ಶಾಲೆಯಿಂದಲೇ ಓದಿಕೊಂಡು ಬಂದಿದ್ದೇವೆ. ಕರಡು ನೋಡಿದ ಹುಡುಗನೊಬ್ಬ, "ಸರ್, ಫ್ರಿಜ್ ಬಾಗಿಲೊಳಗೆ ತುಂಬಿರ್ತಾರಲ್ಲ ಫೋಮು, ಅದೇನಾ?" ಅಂದ.

ಅವನದೇನೂ ತಪ್ಪಿಲ್ಲ. ಜಲನಿರೋಧಕ ಅಂದರೆ ನೀರನ್ನು ತಡೆಯುವುದು, ರೋಗನಿರೋಧಕ ಅಂದರೆ ರೋಗವನ್ನು ತಡೆಯುವುದು. ಅದೇ ಜಾಡಿನಲ್ಲಿ ಉಷ್ಣರೋಧಕವನ್ನು ನಮ್ಮ ಕಿವಿ 'ಉಷ್ಣವನ್ನು ತಡೆಯುವುದು' ಎಂದೇ ಬಿಡಿಸಿಕೊಳ್ಳುತ್ತದೆ. ಥರ್ಮಿಸ್ಟರ್ ತಡೆಯುವುದು ವಿದ್ಯುತ್ತನ್ನು. ಎಷ್ಟು ತಡೆಯಬೇಕೆಂದು ಹೇಳುವುದಷ್ಟೇ ಉಷ್ಣದ ಕೆಲಸ. ಸಮಾಸ ನುಂಗಿಹಾಕಿದ್ದು ಆ ವಿದ್ಯುತ್ತನ್ನೇ.

'ತಾಪಮಾಪಕ' ಎನ್ನಿ ಎಂದರು ಸಹೋದ್ಯೋಗಿಯೊಬ್ಬರು. ನನಗೆ ಒಪ್ಪಿಗೆಯಾಗಲಿಲ್ಲ. ಸಾಸಿವೆ ಕಾಳಿಗಿಂತ ತುಸು ದಪ್ಪ, ಎರಡು ತಂತಿ ಕಾಲು, ಒಳಗೆ ಮ್ಯಾಂಗನೀಸ್, ನಿಕ್ಕೆಲ್‌ನಂಥ ಲೋಹಗಳ ಆಕ್ಸೈಡು: ಇದು ಏನನ್ನೂ ಅಳೆಯುವುದಿಲ್ಲ. 25 ಡಿಗ್ರಿಯಲ್ಲಿ 10 ಸಾವಿರ ಓಮ್ ತೋರಿಸುವ ಮಾಮೂಲಿ ಮಣಿಯನ್ನು ಮಲ್ಟಿಮೀಟರಿಗೆ ಸಿಕ್ಕಿಸಿ ಬೆರಳ ನಡುವೆ ಹಿಡಿದು ನೋಡಿ, ಅಂಕಿ ಜಾರುತ್ತಾ 7 ಸಾವಿರದ ಆಸುಪಾಸಿಗೆ ಬರುತ್ತದೆ. ಐಸ್ ನೀರಿಗೆ ಇಳಿಬಿಟ್ಟರೆ 30 ಸಾವಿರ ದಾಟುತ್ತದೆ. ಸಾಧನದೊಳಗೆ ಇದರ ಜೊತೆ ಸಾಲಾಗಿ ಒಂದು ಮಾಮೂಲಿ ರೋಧಕ ಇರುತ್ತದೆ. ಎರಡರ ನಡುವಿನ ವೋಲ್ಟೇಜನ್ನು ಚಿಪ್ ಓದಿ, ಕೋಷ್ಟಕವನ್ನೋ ಸೂತ್ರವನ್ನೋ ಹಿಡಿದು ಡಿಗ್ರಿಗೆ ಇಳಿಸುತ್ತದೆ. ಅಳತೆ ಚಿಪ್ಪಿನದು. ಕೈಯಲ್ಲಿರುವ ಮೊಬೈಲಿನ ಬ್ಯಾಟರಿ ಕಾದಾಗ ಚಾರ್ಜಿಂಗ್ ನಿಲ್ಲುವುದೂ ಹೆಚ್ಚಾಗಿ ಇಂಥದೇ ಮಣಿಯಿಂದ.

ಇಂಥ ಮಣಿಗೆ ಎನ್‌ಟಿಸಿ (ನೆಗೆಟಿವ್ ಟೆಂಪರೇಚರ್ ಕೋಎಫಿಶಿಯೆಂಟ್) ಥರ್ಮಿಸ್ಟರ್ ಅನ್ನುತ್ತಾರೆ. ಆ ಎನ್‌ಟಿಸಿಯದು ಇನ್ನೊಂದು ಪೇಚು. 'ಋಣ ತಾಪ ಗುಣಾಂಕ' ಎಂದು ಬರೆದರೆ, ಸೊನ್ನೆಗಿಂತ ಕೆಳಗಿನ ಚಳಿ ಅಳೆಯೋಕೆ ಬೇರೆ ಮಣಿ ಇದೆ ಅಂದುಕೊಂಡರು ಕೆಲವರು. ಹೇಳಬೇಕಿದ್ದದ್ದು ಇಷ್ಟೇ: ತಾಪ ಏರಿದಂತೆ ರೋಧ ಇಳಿಯುತ್ತದೆ. ಬೆಳ್ಳಿಯ ಸಲ್ಫೈಡಿನಲ್ಲಿ ಫ್ಯಾರಡೆ 1833ರಲ್ಲೇ ಕಂಡದ್ದು ಈ ಗುಣವನ್ನೇ.

ಈಗ ನನ್ನ ಕೇಳಿಕೆ. ಹೆಸರು ಥರ್ಮಿಸ್ಟರ್ ಎಂದೇ ಇರಲಿ, ಮೊದಲ ಸಲ ಬಂದಾಗ ಮಾತ್ರ 'ತಾಪಕ್ಕೆ ಮಿಡಿಯುವ ರೋಧಕ' ಎಂದು ಬಿಡಿಸಿದರೆ ಸಾಲದೇ? ಎನ್‌ಟಿಸಿಗೆ 'ಇಳಿರೋಧಕ', ಅದರ ತದ್ವಿರುದ್ಧದ ಪಿಟಿಸಿಗೆ 'ಏರುರೋಧಕ' ಎಂದು ಕಟ್ಟಿಕೊಂಡಿದ್ದೇನೆ. ಮೊದಲನೆಯದು ಕಿವಿಗೆ ಹಿತವಾಗಿದೆ, ಎರಡನೆಯದರಲ್ಲಿ ರುಕಾರ ರೋಕಾರ ಒಂದರ ಬೆನ್ನಿಗೊಂದು ಬಂದು ನಾಲಿಗೆ ತೊಡರುತ್ತದೆ. ಇದಕ್ಕಿಂತ ಹಗುರಾದದ್ದು ಯಾರಿಗಾದರೂ ಹೊಳೆಯುತ್ತದೆಯೇ?

ಅಂದಹಾಗೆ, ನನಗೆ ಗೊತ್ತಿರುವ ಮೆಕ್ಯಾನಿಕ್‌ಗಳಲ್ಲಿ ಥರ್ಮಿಸ್ಟರ್ ಅನ್ನುವವರೇ ಇಲ್ಲ. ಅವರಿಗೆ ಅದು 'ಕಾಯಿಲ್ ಸೆನ್ಸರ್', 'ರೂಮ್ ಸೆನ್ಸರ್'. ಮಣಿಯ ಜಾತಿ ಒಂದೇ, ಕೂತ ಜಾಗದಿಂದ ಹೆಸರು. ಟಿಪ್ಪಣಿಗೂ ಅದನ್ನೇ ತರಲೇ?