ಗುಡ್ಡದ ದಾರಿ ತೋಡಾಗಿದೆ, ಯಾವಾಗ ಏನು ಮಾಡಬೇಕು?

ಕೇಳಿದವರು (ಕಾಸರಗೋಡು ಜಿಲ್ಲೆ, ಪೈವಳಿಕೆ ಕಡೆ): ನಮ್ಮೂರ ಗುಡ್ಡಕ್ಕೆ ಹತ್ತುವ ಕಾಲುದಾರಿಯನ್ನು ಸಂಘದ ಎಂಟು ಮಂದಿ ನೋಡಿಕೊಳ್ಳುತ್ತಿದ್ದೇವೆ. ಎಪ್ರಿಲಿನಲ್ಲಿ ಶ್ರಮದಾನ ಮಾಡಿ ಹುಲ್ಲು ಸವರಿ ಮಣ್ಣಿನ ಮೆಟ್ಟಿಲು ಕಡಿದೆವು. ಮಳೆ ಹಿಡಿದು ಮೂರು ವಾರಕ್ಕೆ ಮೆಟ್ಟಿಲೂ ಇಲ್ಲ, ದಾರಿಯೂ ಇಲ್ಲ, ಬರೀ ನೀರು ಹರಿಯುವ ತೋಡು. ಜನ ಬದಿಯಲ್ಲಿ ನಡೆದು ಈಗ ಮೂರು ದಾರಿ ಬಿದ್ದಿದೆ. ಅನುಭವ ಇದ್ದವರು ಹೇಳಿ.

ಎಣ್ಮಕಜೆಯಿಂದ: ನಾವೂ ಹೀಗೇ ಶುರು ಮಾಡಿದ್ದು. ಮೊದಲ ವರ್ಷ ಸಿಮೆಂಟ್ ಪೈಪ್ ಹಾಕಿ ಬೀಗಿದೆವು. ಎರಡೇ ಮಳೆಗೆ ತರಗೆಲೆ ತುಂಬಿ ಕಟ್ಟಿಕೊಂಡಿತು, ನೀರು ಪೈಪಿನ ಮೇಲೆ ಹಾರಿ ಮತ್ತೆ ದಾರಿಗೆ ಬಂತು. ಆಮೇಲೆ ಹಿರಿಯರೊಬ್ಬರನ್ನು ಕರೆದುಕೊಂಡು ಹೋದೆವು. ವರ್ಷವರ್ಷ ತೋಡಿಗೆ ಕಲ್ಲು ಮಣ್ಣಿನ ಕಟ್ಟ ಕಟ್ಟಿದ ಕೈ ಅವರದ್ದು. ಅವರು ಪಿಕ್ಕಾಸು ಮುಟ್ಟಲೇ ಇಲ್ಲ. "ಮಳೆ ಬರಲಿ, ಕೊಡೆ ಹಿಡಿದು ಬನ್ನಿ" ಅಂದರು.

ಜೋರು ಮಳೆಗೆ ನಡೆದು ನೋಡಿದಾಗ ಗೊತ್ತಾಯಿತು. ದಾರಿ ಕೊಚ್ಚಿಹೋದದ್ದು ಕೆಳಗೆ, ಆದರೆ ನೀರು ಒಳಗೆ ನುಗ್ಗುವುದು ಅದಕ್ಕೂ ತುಂಬಾ ಮೇಲೆ, ದನ ಇಳಿದು ಇಳಿದು ತಗ್ಗಾದ ಒಂದೇ ಒಂದು ಜಾಗದಲ್ಲಿ. ಅಲ್ಲೇ ನೀರನ್ನು ಹೊರಗೆ ಹಾಕಿದರೆ ಅರ್ಧ ಕೆಲಸ ಮುಗಿಯಿತು.

ಹೊರಗೆ ಹಾಕುವುದು ಹೇಗೆ? ನಮ್ಮ ಅಡಿಕೆ ತೋಟದ ಕಣಿಯ, ಅಂದರೆ ನೀರು ಹೋಗುವ ಕಾಲುವೆಯ ಲೆಕ್ಕವೇ. ದಾರಿಗೆ ನೇರ ಅಡ್ಡ ಕಡಿಯಬೇಡಿ, ಓರೆಯಾಗಿ ಕಡಿಯಿರಿ. ನೇರ ಕಡಿದರೆ ನೀರು ನಿಂತು ಹೂಳು ತುಂಬುತ್ತದೆ. ಓರೆ ಇದ್ದರೆ ಹರಿಯುವ ನೀರೇ ಹೂಳನ್ನು ಗುಡಿಸಿಕೊಂಡು ಹೋಗುತ್ತದೆ. ಆಳ ಬೇಡ, ಅಗಲ ತಗ್ಗು ಸಾಕು, ಇಲ್ಲದಿದ್ದರೆ ಇಳಿಯುವವರ ಕಾಲು ಸಿಕ್ಕಿಕೊಳ್ಳುತ್ತದೆ. ತಗ್ಗಿನ ಕೆಳ ಅಂಚಿಗೆ ಮುರಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು) ಸಾಲಾಗಿ ಹೂಳಿ. ಕಲ್ಲಿನ ಮುಕ್ಕಾಲು ಭಾಗ ಮಣ್ಣೊಳಗೆ ಇರಲಿ. ಬರೀ ಮೇಲೆ ಇಟ್ಟ ಕಲ್ಲನ್ನು ಯಾರಾದರೂ ಉರುಳಿಸಿಯೇ ಉರುಳಿಸುತ್ತಾರೆ. ಏರು ಕಡಿದಾದಷ್ಟೂ ಕಣಿಗಳು ಹತ್ತಿರ ಹತ್ತಿರ ಬೇಕು. ಕಣಿಯ ಬಾಯಿ ಹುಲ್ಲಿನ ಮೇಲೆ ಅಥವಾ ಕಲ್ಲಿನ ಮೇಲೆ ಬಿಚ್ಚಿಕೊಳ್ಳಲಿ. ಹಾಂ, ಕೆಳಗೆ ಯಾರ ಜಾಗ ಅಂತ ಕೇಳಿ. ನಾವು ಕೇಳದೆ ತಿರುಗಿಸಿದ ಕೆಂಪು ನೀರು ಒಬ್ಬರು ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದ ಬಾಯಿಗೆ ಹೋಗಿ ದೊಡ್ಡ ಜಗಳವೇ ಆಯಿತು. ತಪ್ಪು ನಮ್ಮದೇ.

ಪನತ್ತಡಿ ಕಡೆಯಿಂದ: ಮೇಲೆ ಹೇಳಿದ್ದು ಸರಿ. ಆದರೆ ಮೊದಲು ಜಾಗ ಯಾರದ್ದು ನೋಡಿ. ನಮ್ಮ ರಾಣಿಪುರ ಗುಡ್ಡ ಅರಣ್ಯ ಇಲಾಖೆಯದ್ದು, ಆಚೆ ತಲಕಾವೇರಿ ಅಭಯಾರಣ್ಯ. ಅಲ್ಲಿ ಕೇಳದೆ ಒಂದು ಕೋಲು ಮುರಿಯುವಂತಿಲ್ಲ, ಆನೆಯೂ ಉಂಟು. ಕಂದಾಯ ಜಾಗವಾದರೂ ಪಂಚಾಯತಿಗೆ ಒಂದು ಕಾಗದ ಕೊಟ್ಟಿರಿ.

ನಿಮ್ಮ ಮೂರು ದಾರಿ ಬಗ್ಗೆ: ಬೋರ್ಡ್ ಹಾಕಿದರೆ ಯಾರೂ ಓದುವುದಿಲ್ಲ. ಬೇಡದ ಎರಡರ ಬಾಯಿಗೆ ಒಣ ಮುಳ್ಳು ಹಾಕಿ, ಒಳಗೆ ಸವರಿದ ಮುಳಿಹುಲ್ಲು (ಗುಡ್ಡದ ಉದ್ದ ಹುಲ್ಲು) ಹರಡಿ. ಬೀಜ ಅದರಲ್ಲೇ ಇರುತ್ತದೆ, ಮಳೆಗೆ ಮೊಳೆಯುತ್ತದೆ. ಇದೆಲ್ಲಕ್ಕಿಂತ ಮುಖ್ಯ, ಬೇಕಾದ ದಾರಿ ನಡೆಯಲು ಹಿತವಾಗಿರಬೇಕು. ಜನ ಬದಿಗೆ ಹೋದದ್ದು ಕೆಸರು ತಪ್ಪಿಸಲು, ಅಲ್ವಾ?

ಬದಿಯಡ್ಕದಿಂದ: ಆರೋಗ್ಯದ ಮಾತು ಯಾರೂ ಎತ್ತಲಿಲ್ಲ. ಮಳೆಗಾಲದಲ್ಲಿ ಕೆಸರಿಗೆ ಇಳಿಯುವವರು ಮೊದಲೇ ಆರೋಗ್ಯ ಕೇಂದ್ರಕ್ಕೆ ಹೋಗಿ ಇಲಿಜ್ವರ ತಡೆಯುವ ಡಾಕ್ಸಿಸೈಕ್ಲಿನ್ ಮಾತ್ರೆ ಕೇಳಿ. ಕಾಲಲ್ಲಿ ಗಾಯ ಇದ್ದರೆ ಆ ದಿನ ಕೆಸರು ಬೇಡ. ತುಲಾ ಮಳೆ ಸಮಯದಲ್ಲಿ, ಅಂದರೆ ಅಕ್ಟೋಬರ್ ನವೆಂಬರಿನಲ್ಲಿ, ಮಧ್ಯಾಹ್ನದ ಒಳಗೆ ಬೋಳು ಗುಡ್ಡ ಇಳಿದುಬಿಡಿ. ಸಿಡಿಲು ಬರುವುದು ಮಧ್ಯಾಹ್ನದ ಮೇಲೆಯೇ ಜಾಸ್ತಿ.

ಮುಳ್ಳೇರಿಯದಿಂದ: ಎಪ್ರಿಲಿನಲ್ಲಿ ಹುಲ್ಲು ಸವರಿ ಏನು ಪ್ರಯೋಜನ? ಡಿಸೆಂಬರಿನಲ್ಲಿ ಮುಳಿ ಒಣಗುವ ಹೊತ್ತಿಗೇ ಸವರಿದ್ದರೆ ಬೀಡಿ ಕಿಡಿಗೆ ಗುಡ್ಡ ಉರಿಯುವಾಗ ದಾರಿಯೇ ಬೆಂಕಿ ತಡೆಯುವ ಗೆರೆ ಆಗುತ್ತದೆ. ತೊಳಿಲುರಪ್ಪಿನ (ಉದ್ಯೋಗ ಖಾತ್ರಿಯ) ಅಕ್ಕಂದಿರನ್ನು ಕೇಳಿ, ಅವರ ಕತ್ತಿಯ ಕೆಲಸದ ಮುಂದೆ ನಮ್ಮ ಮಿಷನ್ ಏನೂ ಅಲ್ಲ. ಇನ್ನೊಂದು, ಪಾರೆಯ (ಬೋಳು ಹಾಸುಬಂಡೆಯ) ಮೇಲೆ ಮಳೆಗಾಲದಲ್ಲಿ ನೀಲಿ ಹೂ ಬಿಡುವ ಪುಟ್ಟ ಗಿಡಗಳನ್ನು ಕಳೆ ಅಂತ ಕೆರೆಯಬೇಡಿ. ನಾವೊಮ್ಮೆ ಕೆರೆದಿದ್ದೆವು, ಈಗಲೂ ಬೇಸರ.

ಕೇಳಿದವರು: ಉಪಕಾರ ಆಯಿತು. ನಾವು ಮಳೆಯಲ್ಲಿ ಒಮ್ಮೆಯೂ ಹೋಗಿ ನೋಡಲೇ ಇಲ್ಲ. ಈ ಭಾನುವಾರ ಕೊಡೆ ಹಿಡಿದು ಹೋಗುತ್ತೇವೆ. ಎಡಬದಿಯ ಕೆಳಗೆ ಒಂದು ತೋಟ ಉಂಟು, ಅದರ ಯಜಮಾನರನ್ನೂ ಕರೆಯುತ್ತೇವೆ.

ಎಣ್ಮಕಜೆಯಿಂದ: ಅವರನ್ನೇ ಮುಂದೆ ನಡೆಸಿ.