ವೆನಿಸ್‌ನಿಂದ ಪಾದುವಾ ಯೂನಿವರ್ಸಿಟಿ ನೋಡೋಕೆ ಒಂದು ದಿನ ಇಡಬಹುದಾ?

ಶಿವಮೊಗ್ಗದವಳು:
ಎಲ್ರಿಗೂ ನಮಸ್ಕಾರ. ಮೇ ಕೊನೇಲಿ ನಾನು, ನಮ್ಮನೆಯವ್ರು, ಮಗಳು ಇಟಲಿಗೆ ಹೊರಟಿದೀವಿ. ಮಗಳು ಎಂಬಿಬಿಎಸ್ ಮಾಡ್ತಿದಾಳೆ, ಅನಾಟಮಿ ಈಗಷ್ಟೇ ಮುಗೀತು, ಪಾದುವಾದ ಹಳೇ ಅನಾಟಮಿ ಥಿಯೇಟರ್ (ಹಿಂದೆ ಹೆಣ ಕೊಯ್ದು ತೋರಿಸಿ ಪಾಠ ಮಾಡ್ತಿದ್ದ ಜಾಗ) ನೋಡ್ಲೇಬೇಕು ಅಂತ ಒಂದೇ ಹಠ. ನಮ್ಮನೆಯವ್ರು, ವೆನಿಸ್ ಬಿಟ್ಟು ಒಂದು ಕಾಲೇಜ್ ನೋಡೋಕೆ ಯಾಕೆ ಹೋಗ್ಬೇಕು ಅಂತಾರೆ. ಹೋಗ್ಬಂದವ್ರು ಹೇಳಿ, ಸುಮ್ನೆ ಹೋದ್ರೆ ಒಳಗೆ ಬಿಡ್ತಾರಾ? ಮೆಡಿಕಲ್ ಓದದ ನಮ್ಮಿಬ್ರಿಗೂ ಅಲ್ಲಿ ನೋಡೋಕೆ ಏನಾದ್ರೂ ಇದ್ಯಾ?

ಊರೂರು ಸುತ್ತೋನು:
ಖಂಡಿತ ಹೋಗಿ ಮೇಡಂ. ವೆನಿಸ್‌ನಿಂದ ಫಾಸ್ಟ್ ಟ್ರೇನಲ್ಲಿ ಅರ್ಧ ಗಂಟೆ, ರೀಜನಲ್ ಟ್ರೇನಾದ್ರೆ ಇನ್ನೊಂಚೂರು ಜಾಸ್ತಿ. ಯೂನಿವರ್ಸಿಟಿಯ ಹಳೇ ಕಟ್ಟಡಕ್ಕೆ ಪಲಾಝೋ ಬೊ ಅಂತಾರೆ, ಸ್ಟೇಷನ್‌ನಿಂದ ನಡ್ಕೊಂಡೇ ಹೋಗ್ಬಹುದು. ಅಂಗಳದ ಗೋಡೆ, ಚಾವಣಿ ತುಂಬಾ ಅಲ್ಲಿ ಓದಿದವ್ರ ಮನೆತನದ ಲಾಂಛನಗಳು, ಸಾವಿರಾರು ಇವೆ. ಆದ್ರೆ ಥಿಯೇಟರ್‌ಗೆ ಗೈಡೆಡ್ ಟೂರ್‌ನಲ್ಲೇ ಹೋಗ್ಬೇಕು, ಇಂಗ್ಲಿಷ್ ಟೂರ್ ಯಾವ ಟೈಮಿಗಿದೆ ನೋಡ್ಕೊಂಡು ಈಗ್ಲೇ ಬುಕ್ ಮಾಡಿ. ಜೊತೆಗೆ ಸ್ಕ್ರೋವೆಗ್ನಿ ಚಾಪೆಲ್‌ದೂ ಬುಕ್ ಮಾಡ್ಬಿಡಿ, ಜೊತ್ತೋ ಅನ್ನೋ ಚಿತ್ರಕಾರ 1305ರ ಹೊತ್ತಿಗೆ ಬಿಡಿಸಿ ಮುಗಿಸಿದ ಚಿತ್ರಗಳು, ಸ್ಟೇಷನ್ನಿಂದ ಬೊಗೆ ಹೋಗೋ ದಾರೀಲೇ ಸಿಗುತ್ತೆ, ಸಾರ್‌ಗೆ ಅದೊಂದೇ ಸಾಕು.

ಬೊಲೋನ್ಯ ಪಕ್ಷ:
ನನ್ನ ಕೇಳಿದ್ರೆ ಪಾದುವಾ ಬದ್ಲು ಬೊಲೋನ್ಯಗೆ ಹೋಗಿ. ಅಲ್ಲಿನ ಯೂನಿವರ್ಸಿಟಿ 1088ರದ್ದು ಅಂತ ಲೆಕ್ಕ, ಯುರೋಪಿಗೇ ಹಳೇದು. ಆ ಯೂನಿವರ್ಸಿಟಿಯ ಹಳೇ ಕಟ್ಟಡ ಆರ್ಕಿಜಿನ್ನಾಸಿಯೋದಲ್ಲಿರೋ ಅನಾಟಮಿ ಥಿಯೇಟರ್‌ಗೆ ಟಿಕೆಟ್ ತಗೊಂಡು ನಿಮ್ಮ ಪಾಡಿಗೆ ಒಳಗೇ ಹೋಗ್ಬಹುದು, ಮೇಷ್ಟ್ರ ಪೀಠದ ಎರಡೂ ಕಡೆ ಚರ್ಮ ಸುಲಿದ ಮನುಷ್ಯರ ಮರದ ವಿಗ್ರಹಗಳಿವೆ, ಒಂದೊಂದು ಮಾಂಸಖಂಡಾನೂ ಎಣಿಸ್ಬಹುದು ಹಂಗೆ ಕೆತ್ತಿದಾರೆ. ಮೆಡಿಕಲ್ ಹುಡುಗಿ ಅಲ್ಲಿಂದ ಏಳೋದೇ ಇಲ್ಲ ನೋಡಿ.

ಪಾದುವಾ ಸ್ಟೂಡೆಂಟ್:
ಬೊಲೋನ್ಯ ಚೆನ್ನಾಗೇ ಇದೆ, ಇಲ್ಲ ಅನ್ನಲ್ಲ. ಆದ್ರೆ ಆ ಥಿಯೇಟರ್ 1944ರ ಬಾಂಬ್ ದಾಳೀಲಿ ಹಾಳಾಗಿ, ಆಮೇಲೆ ಉಳಿದ ಚೂರುಗಳನ್ನೂ ಸೇರಿಸ್ಕೊಂಡು ಮತ್ತೆ ಕಟ್ಟಿದ್ದು. ಪಾದುವಾದ್ದು 1595ರಲ್ಲಿ ಇಲ್ಲಿನ ಅನಾಟಮಿ ಮೇಷ್ಟ್ರು ಫ್ಯಾಬ್ರಿಸಿಯಸ್ ಕಟ್ಟಿಸಿದ್ದು, ಅದೇ ಇವತ್ತಿಗೂ ನಿಂತಿದೆ. ಅದಕ್ಕೇ ಮೇಲಿನ ಸಾಲುಗಳಿಗೆ ಯಾರನ್ನೂ ಹತ್ತಿಸಲ್ಲ, ಹೆಣ ಸಿದ್ಧ ಮಾಡ್ತಿದ್ದ ಕೆಳಗಿನ ರೂಮಿಂದ ಕರ್ಕೊಂಡು ಹೋಗಿ, ಹೆಣದ ಮೇಜು ಇರ್ತಿದ್ದ ಜಾಗದಿಂದ್ಲೇ ಮೇಲಕ್ಕೆ ನೋಡಿ ಅಂತಾರೆ. ತಲೆ ಎತ್ತಿದ್ರೆ ಮೊಟ್ಟೆ ಆಕಾರದ ಆರು ಸುತ್ತು, ಒಂದರ ಮೇಲೊಂದು, ಒಬ್ಬ ನೆಟ್ಟಗೆ ನಿಲ್ಲೋಷ್ಟೇ ಅಗಲ, ಕೂರೋಕೆ ಜಾಗಾನೇ ಇಲ್ಲ. ಇನ್ನೂರಕ್ಕೂ ಮೇಲೆ ಹುಡುಗ್ರು ಅಲ್ಲಿ ಮರದ ಕಟಕಟೆಗೆ ಒರಗಿ ನಿಂತು, ಕ್ಯಾಂಡಲ್ ಬೆಳಕಲ್ಲಿ ನೋಡ್ತಿದ್ರು. ನಾವು ಹೆಣದ ಜಾಗದಲ್ಲಿ ನಿಂತು ಅವ್ರು ನಿಂತಿದ್ದ ಕಡೆ ನೋಡ್ತೀವಲ್ಲ, ಅದು ನಿಮ್ಮ ಮಗಳ ಮನಸ್ಸಿಗೆ ನಾಟುತ್ತೆ. ವಿಲಿಯಂ ಹಾರ್ವೆ ಇದೇ ಫ್ಯಾಬ್ರಿಸಿಯಸ್ ಶಿಷ್ಯ, 1602ರಲ್ಲಿ ಇಲ್ಲೇ ಡಿಗ್ರಿ ತಗೊಂಡ. ರಕ್ತನಾಳದ ಕವಾಟಗಳ ಬಗ್ಗೆ ಗುರು ಬರೆದಿದ್ದು 1603ರಲ್ಲಿ, ರಕ್ತ ಸುತ್ತುತ್ತೆ ಅಂತ ಶಿಷ್ಯ ಬರೆದಿದ್ದು 1628ರಲ್ಲಿ.

ಮೆಡಿಕಲ್ ಅಲ್ಲದವ್ರಿಗೂ ಬೇಕಾದಷ್ಟಿದೆ. ಗೆಲಿಲಿಯೋ 1592ರಿಂದ 1610ರವರೆಗೆ ಇಲ್ಲಿ ಪಾಠ ಮಾಡ್ದ, ಅವನದ್ದು ಅಂತ ಹೇಳೋ ಮರದ ಪೀಠ ಇದೆ, ಹಲಗೆ ಹೊಡೆದು ಮಾಡಿದ ಒರಟು ಪೀಠ, ಸುತ್ತಲಿನ ಚಿನ್ನದ ಕೆಲಸದ ಹಾಲ್‌ಗಳ ನಡುವೆ ನನಗೆ ಅದೇ ಜಾಸ್ತಿ ಇಷ್ಟ. ಅಂಗಳದ ಮೆಟ್ಟಿಲ ಬುಡದಲ್ಲಿ ಎಲೆನಾ ಕೊರ್ನಾರೋ ಪಿಸ್ಕೋಪಿಯಾ ಪ್ರತಿಮೆ ನೋಡಿ. 1678ರಲ್ಲಿ ಇಲ್ಲಿ ಡಾಕ್ಟರೇಟ್ ಪಡೆದ ಹೆಣ್ಣುಮಗಳು ಅವ್ರು. ಥಿಯಾಲಜಿಯಲ್ಲಿ ಕೊಡೋಕೆ ಬಿಷಪ್ ಒಪ್ಪದೆ ಫಿಲಾಸಫಿಯಲ್ಲಿ ಕೊಟ್ರು. ಮಗಳ ಜೊತೆ ಹೋಗ್ತಿದೀರಲ್ಲ, ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿ.

ಹೊರಗೆ ಬೀದೀಲಿ ತಲೆಗೆ ಲಾರೆಲ್ ಎಲೆಯ ಹಾರ ಸುತ್ಕೊಂಡ ಹುಡುಗ ಹುಡುಗೀರು ಕಂಡ್ರೆ ಅವತ್ತೇ ಡಿಗ್ರಿ ಆದವ್ರು ಅಂತ ಅರ್ಥ. ಫ್ರೆಂಡ್ಸು ಅವ್ರ ಬಗ್ಗೆ ದೊಡ್ಡ ಪೋಸ್ಟರ್ ಬರೆದು ತಂದಿರ್ತಾರೆ, ಅದನ್ನ ಅವ್ರೇ ನಿಂತು ಗಟ್ಟಿಯಾಗಿ ಓದ್ಬೇಕು, ಮಧ್ಯೆ ಮಧ್ಯೆ ಹಾಡು, ಕೂಗಾಟ. ಮನೆಯವ್ರೆಲ್ಲ ಒಳ್ಳೇ ಬಟ್ಟೆ ಹಾಕ್ಕೊಂಡು ಸುತ್ತ ನಿಂತಿರ್ತಾರೆ.

ಶಿವಮೊಗ್ಗದವಳು:
ತುಂಬಾ ಥ್ಯಾಂಕ್ಸ್, ನಮ್ಮನೆಯವ್ರಿಗೆ ಓದಿ ಹೇಳ್ದೆ, ಒಪ್ಪಿದಾರೆ. ಬೆಳಗ್ಗೆ ಚಾಪೆಲ್, ಆಮೇಲೆ ಟೂರ್ ಅನ್ಕೊಂಡಿದೀವಿ. ಮಧ್ಯಾಹ್ನ ಟೈಮ್ ಉಳಿದ್ರೆ ಬಟಾನಿಕಲ್ ಗಾರ್ಡನ್ ನೋಡ್ಬಹುದಾ?

ಪಾದುವಾ ಸ್ಟೂಡೆಂಟ್:
ನೋಡ್ಲೇಬೇಕು, ಅದೂ ಯೂನಿವರ್ಸಿಟೀದೇ. ಮೆಡಿಕಲ್ ಹುಡುಗ್ರಿಗೆ ಔಷಧಿ ಗಿಡ ಗುರುತು ಹಿಡಿಯೋದು ಕಲಿಸೋಕೆ 1545ರಲ್ಲಿ ಶುರು ಮಾಡಿದ್ದು, ಅವತ್ತಿಂದ ಅದೇ ಜಾಗದಲ್ಲಿದೆ. 1585ರಲ್ಲಿ ನೆಟ್ಟ ಒಂದು ತಾಳೆ ಜಾತಿಯ ಮರ ಗಾಜಿನ ಮನೆಯೊಳಗೆ ಇನ್ನೂ ಬದುಕಿದೆ. ಬೊದಿಂದ ನಡ್ಕೊಂಡೇ ಹೋಗ್ಬಹುದು, ಸಂತ ಆಂಥೋನಿ ಬಸಿಲಿಕಾ ಪಕ್ಕದಲ್ಲೇ ಇದೆ. ರಜಾ ದಿನ ಮಾತ್ರ ಮೊದ್ಲೇ ಚೆಕ್ ಮಾಡ್ಕೊಳ್ಳಿ, ಎರಡು ಗಂಟೆ ಇಟ್ಕೊಂಡು ಹೋಗಿ.