ಫ್ಲೆಕ್ಸ್ ಬ್ಯಾನರ್ ಬೇರೆ, ಮಡಚುವ ಸ್ಕ್ರೀನ್ ಬೇರೆ

ಬಳ್ಳಾರಿ ಮಾಮ: ಈ ವಿಡಿಯೊ ಎಲ್ಲರೂ ನೋಡಿ. ಮಡಚುವ ಫೋನ್ ಸ್ಕ್ರೀನ್ ಅಂದ್ರೆ ಪ್ಲಾಸ್ಟಿಕ್ ಹಾಳೆ ಮೇಲೆ ಪ್ರಿಂಟ್ ಅಷ್ಟೇ ಅಂತೆ. ನಾವು ಅಂಗಡಿಯಲ್ಲಿ ದಿನಾ ಫ್ಲೆಕ್ಸ್ ಪ್ರಿಂಟ್ ಮಾಡ್ತಾ ಇಲ್ವಾ? ಆ ಸ್ಕ್ರೀನ್ ಪ್ರಿಂಟ್ ಮಾಡುವ ಮಷಿನ್ ಮಾರುವವರು ಮುಂಗಡ ಕೇಳಿದ್ದಾರೆ.

ಕೊಪ್ಪಳ ಅಕ್ಕ: ಒಳ್ಳೇದೇ ಅಲ್ವಾ. ಭಾನಾಪುರಕ್ಕೆ ಆಟಿಕೆ ಫ್ಯಾಕ್ಟರಿ ಬಂತು, ಇದೂ ಯಾಕೆ ಬರಬಾರದು?

ನಾನು: ಮಾಮ, ದಯವಿಟ್ಟು ದುಡ್ಡು ಕೊಡಬೇಡಿ. ವಿಡಿಯೊದಲ್ಲಿ ಸ್ಕ್ರೀನ್ ಸುತ್ತಿ ತೋರಿಸೋದು ಸುಳ್ಳಲ್ಲ. ಆದರೆ ಫೋನಿಗೆ ಬರುವ ಆ ಸ್ಕ್ರೀನ್ ಹುಟ್ಟುವುದು ಗಾಜಿನ ಮೇಲೆ. ಪಾಲಿಇಮೈಡ್ ಅಂತ ಅರಿಶಿನ ಬಣ್ಣದ ಪ್ಲಾಸ್ಟಿಕ್ ಇದೆ. ಅದರ ದ್ರವವನ್ನು ದೊಡ್ಡ ಗಾಜಿನ ಮೇಲೆ ತೆಳ್ಳಗೆ ಸವರಿ, ಸುಮಾರು 400 ಡಿಗ್ರಿ ಬಿಸಿಯಲ್ಲಿ ಗಟ್ಟಿ ಮಾಡುತ್ತಾರೆ. ಉಳಿಯುವ ಪದರ 10ರಿಂದ 20 ಮೈಕ್ರಾನ್, ತಲೆಕೂದಲಿಗಿಂತ ಎಷ್ಟೋ ತೆಳು. ಅದರ ಮೇಲೆ ತೇವ ತಡೆಯುವ ಸಿಲಿಕಾನ್ ನೈಟ್ರೈಡ್, ಆಮೇಲೆ ಒಂದೊಂದು ಚುಕ್ಕೆಯ ಬೆಳಕನ್ನು ಹಿಡಿತದಲ್ಲಿಡುವ ಪುಟ್ಟ ಸ್ವಿಚ್ಚು, ಅಂದರೆ ಟ್ರಾನ್ಸಿಸ್ಟರ್, ಆಮೇಲೆ ಬೆಳಕು ಕೊಡುವ ಓಎಲ್‌ಇಡಿ ಪದರ. ಎಲ್ಲ ಮುಗಿದ ಮೇಲೆ ಗಾಜಿನ ಹಿಂದಿನಿಂದ 308 ನ್ಯಾನೊಮೀಟರ್ ತರಂಗದ, ಕಣ್ಣಿಗೆ ಕಾಣದ ಅತಿನೇರಳೆ ಲೇಸರ್ ಬಿಟ್ಟು ಪದರ ಬಿಡಿಸುತ್ತಾರೆ. ಅಮ್ಮ ಧೋತರದ ಮೇಲೆ ಸಂಡಿಗೆ ಹಾಕಿ, ಒಣಗಿದ ಮೇಲೆ ಬಟ್ಟೆ ತಿರುವಿ ಹಿಂದೆ ನೀರು ಚಿಮುಕಿಸಿ ಬಿಡಿಸುತ್ತಿದ್ದಳಲ್ಲ, ಅದೇ ಉಪಾಯ. ನೀರಿನ ಬದಲು ಲೇಸರ್.

ಅಮ್ಮ: ಸುಮ್ನೆ ಎಳೆದರೆ ಸಂಡಿಗೆ ಮುರಿಯುತ್ತೆ.

ನಾನು: ಇದೂ ಹಾಗೇ ಅಮ್ಮ. ಎಳೆದರೆ ಟ್ರಾನ್ಸಿಸ್ಟರ್ ಬಿರುಕು ಬಿಡುತ್ತೆ.

ಬಳ್ಳಾರಿ ಮಾಮ: ನೀನು ಬರೀ ಆಗಲ್ಲ ಅಂತೀಯ. ಗಾಜು ಯಾಕೆ ಬೇಕು? ನೇರ ಪ್ಲಾಸ್ಟಿಕ್ ಮೇಲೇ ಹಾಕಿದರೆ ಏನು ಕಷ್ಟ?

ನಾನು: ಬಿಸಿ, ಮಾಮ. ನೀರಿನ ಬಾಟಲಿಯ ಪ್ಲಾಸ್ಟಿಕ್ ಇದೆಯಲ್ಲ, ಪಿಇಟಿ, ಅದು 70–80 ಡಿಗ್ರಿಗೇ ಮೆತ್ತಗಾಗುತ್ತದೆ. ಕುದಿಯುವ ನೀರು ಹಾಕಿ ನೋಡಿ, ಬಾಟಲಿ ಮುದುಡುತ್ತದೆ. ಹಾಳೆ ಚೂರು ಹಿಗ್ಗಿ ಕುಗ್ಗಿದರೂ ಕೆಳಗಿನ ಪದರಕ್ಕೆ ಮೇಲಿನದು ಕೂಡುವುದಿಲ್ಲ. ಬ್ಯಾನರಿನಲ್ಲಿ ಬಣ್ಣ ಒಂದು ಮಿಲಿಮೀಟರ್ ಸರಿದರೆ ಫೋಟೊ ಸ್ವಲ್ಪ ಮಸುಕಾಗುತ್ತದೆ, ಗಿರಾಕಿ ತಗೊಂಡು ಹೋಗ್ತಾನೆ. ಇಲ್ಲಿ ಕೆಲವೇ ಮೈಕ್ರಾನ್ ಸರಿದರೂ ಟ್ರಾನ್ಸಿಸ್ಟರ್ ಕೆಲಸ ಮಾಡಲ್ಲ.

ರಾಯಚೂರು ತಮ್ಮ: ಅಣ್ಣ, ಒಂದು ಮಾತು. 2004ರಲ್ಲೇ ಜಪಾನಿನ ವಿಜ್ಞಾನಿ ಹೊಸೊನೊ ಅವರ ತಂಡ ಪಿಇಟಿ ಮೇಲೆ, ಬಿಸಿಯೇ ಮಾಡದೆ ಲೋಹದ ಆಕ್ಸೈಡಿನ ಟ್ರಾನ್ಸಿಸ್ಟರ್ ಮಾಡಿತ್ತಲ್ವಾ? ಐಐಟಿ ಕಾನ್ಪುರದಲ್ಲೂ ಬಾಗುವ ಎಲೆಕ್ಟ್ರಾನಿಕ್ಸ್‌ಗೆ ಅಂತಲೇ ಕೇಂದ್ರ ಇದೆ. ಮಾಮ ಪೂರ್ತಿ ತಪ್ಪಲ್ಲ.

ನಾನು: ಒಪ್ಪಿದೆ, ನಾನು ಅದನ್ನು ಹೇಳಬೇಕಿತ್ತು. ಆದರೆ ಹೊಸೊನೊ ಅವರದು ನಿರ್ವಾತದ ಪೆಟ್ಟಿಗೆಯೊಳಗೆ ಲೇಸರ್‌ನಿಂದ ಪದರ ಕೂರಿಸಿದ ಪ್ರಯೋಗ. ಫುಲ್ ಎಚ್‌ಡಿ ಸ್ಕ್ರೀನಿಗೆ ಲೆಕ್ಕ ಹಾಕು. 1920 ಗುಣಿಸು 1080 ಚುಕ್ಕೆ, ಅದಕ್ಕೆ ಕೆಂಪು ಹಸಿರು ನೀಲಿ ಮೂರು, ಒಂದೊಂದಕ್ಕೂ ಆರೇಳು ಟ್ರಾನ್ಸಿಸ್ಟರ್ ಅಂದರೆ ಸುಮಾರು 4 ಕೋಟಿ ಆಗುತ್ತೆ. ಬಳ್ಳಾರಿ ಧೂಳಿನಲ್ಲಿ, ಬಾಗಿಲು ತೆರೆದ ಅಂಗಡಿಯಲ್ಲಿ, ಇಂಕ್ ಮಷಿನ್ ಇಟ್ಟು ಅಷ್ಟನ್ನೂ ಒಂದೂ ಕೆಡದ ಹಾಗೆ ಕೂರಿಸೋದು ಹೇಗೆ?

ಕೊಪ್ಪಳ ಅಕ್ಕ: ಮಾಮ, ಮುಂಗಡ ಕೊಟ್ಟುಬಿಟ್ರಾ?

ಬಳ್ಳಾರಿ ಮಾಮ: ಇನ್ನೂ ಇಲ್ಲ. ಸೋಮವಾರ ಅಂಗಡಿಗೆ ಬರ್ತಾರೆ.

ನಾನು: ಭಾನುವಾರ ರಾತ್ರಿನೇ ಬರುತ್ತೇನೆ. ಹಾಳೆ ಯಾವ ಪ್ಲಾಸ್ಟಿಕ್, ಎಷ್ಟು ಡಿಗ್ರಿ ತಡೆಯುತ್ತೆ, ಟ್ರಾನ್ಸಿಸ್ಟರ್ ಯಾವುದರಿಂದ ಮಾಡ್ತೀರಿ, ಇಷ್ಟು ಕೇಳೋಣ. ಅಲ್ಲಿವರೆಗೆ ಚೆಕ್ ಬುಕ್ ಅತ್ತೆ ಹತ್ರ ಇರಲಿ.